ಕಿಸೆಯಲ್ಲಿ ಮೂರು ಫ್ಯೂಜು

ಕೌಜಲಗಿಯ ಪರಪ್ಪನಿಗೆ ಸಿಟ್ಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರುವುದಕ್ಕೆ ಅದು ಹೋಗಿದ್ದರೆ ತಾನೆ? ಬೆಳಿಗ್ಗೆ ಎದ್ದು ಚಪ್ಪಲಿ ಹುಡುಕುವಾಗಲೇ ಸಿಟ್ಟು. ಬೈಕು ಒಂದೇ ಒದೆತಕ್ಕೆ ಚಾಲೂ ಆಗದಿದ್ದರೆ ಸಿಟ್ಟು, ಚಾಲೂ ಆದರೆ ನಿನ್ನೆ ಯಾಕೆ ಆಗಲಿಲ್ಲ ಅಂತ ಸಿಟ್ಟು. ಐವತ್ತೆಂಟು ವರ್ಷದ ಮನುಷ್ಯ, ಕರೆಂಟಿನ ಕಂಪನಿಯಲ್ಲಿ ಮೂವತ್ತೇಳು ವರ್ಷ ದುಡಿದ ಲೈನ್‌ಮನ್, ಊರಿನವರು ಬೆನ್ನ ಹಿಂದೆ ಅವನನ್ನು ಕರೆಯುವುದೇ ‘ಶಾರ್ಟ್ ಸರ್ಕೀಟು’ ಅಂತ. ಅದು ಅವನ ಕಿವಿಗೂ ಬಿದ್ದಿದೆ. ಅದಕ್ಕೂ ಸಿಟ್ಟು.

ಆದರೆ ಕೆಲಸದಲ್ಲಿ ಅವನ ಕಡೆ ಬೆರಳು ತೋರಿಸಿದವರಿಲ್ಲ. ಇಪ್ಪತ್ತೊಂದನೆಯ ವಯಸ್ಸಿಗೆ ಕಂಬದ ಕುಣಿ ತೋಡಲು ಸೇರಿದವನು ಬೀರಸಿದ್ದಪ್ಪ ಎಂಬ ಹಳೆಯ ಲೈನ್‌ಮನ್ನನ ಕೈಕೆಳಗೆ ಪಳಗಿದ. ಬೀರಸಿದ್ದಪ್ಪ ಕುರಿ ಬಿಟ್ಟು ಕಂಬ ಹತ್ತಿದವನು, ಮಾತು ಕಡಿಮೆ. ಮೊದಲನೆಯ ದಿನವೇ ಹೇಳಿಕೊಟ್ಟಿದ್ದ: “ತಮ್ಮಾ, ಕಂಬ ಹತ್ತೂ ಮುಂದ ಕೆಳಗಿನ ಫ್ಯೂಜ್ ಕಿತ್ತು ನಿನ್ನ ಕಿಸೆದಾಗ ಇಟ್ಕೋ. ಹೆಂಡತಿ ಕೈಯಾಗೂ ಕೊಡಬ್ಯಾಡ, ದೇವರ ಕೈಯಾಗೂ ಕೊಡಬ್ಯಾಡ. ಮಂದಿ ಬಾಯಿ ನಂಬಬ್ಯಾಡ, ಕಿಸೆ ನಂಬು.”

ಬಿಳಿ ಪಿಂಗಾಣಿಯ ಮೂರು ಹಿಡಿಕೆಗಳು, ಅಷ್ಟೇ. ಕಂಬದ ಬುಡದ ಪೆಟ್ಟಿಗೆಯಲ್ಲಿದ್ದರೆ ಓಣಿಗೆ ಬೆಳಕು, ಪರಪ್ಪನ ಕಿಸೆಯಲ್ಲಿದ್ದರೆ ಕಂಬದ ಮೇಲಿನವನಿಗೆ ಜೀವ. ಒಮ್ಮೆ ತಮ್ಮನ ಮದುವೆಗೆ ಕೆಲಸದ ಅಂಗಿಯಲ್ಲೇ ಓಡಿಬಂದು, ಅಕ್ಷತೆ ಹಾಕಲು ಕಿಸೆಗೆ ಕೈಹಾಕಿದರೆ ಫ್ಯೂಜು ಬಂದಿತ್ತು. ಅತ್ತ ಅರ್ಧ ಊರು ಮೂರು ತಾಸು ಕತ್ತಲೆಯಲ್ಲಿ ಕೂತು ಅವನ ವಂಶ ಜಾಲಾಡುತ್ತಿತ್ತು. ಹೆಂಡತಿ ಪಾರವ್ವ ಇವತ್ತಿಗೂ ಅಂಗಿ ನೆನೆಹಾಕುವ ಮೊದಲು ಕಿಸೆ ತಡವಿ ನೋಡುತ್ತಾಳೆ. “ಮಂದಿ ಗಂಡಂದಿರ ಕಿಸೆದಾಗ ಚಿಲ್ಲರ ಸಿಗತೈತಿ, ನನ್ನ ಹಣೇಬರಕ್ಕ ಫ್ಯೂಜ್ ಸಿಗತಾವ,” ಅನ್ನುತ್ತಾಳೆ.

ಇಂಥ ಪರಪ್ಪನನ್ನು ಏಪ್ರಿಲ್ ತಿಂಗಳ ಒಂದು ಸೋಮವಾರ ಸೆಕ್ಷನ್ ಆಫೀಸಿಗೆ ಕರೆಸಿದರು. ಯಾವ ಸೆಕ್ಷನ್ ಅಂತ ಕೇಳಬೇಡಿ. ಮೂಡಲಗಿ ಕಡೆಯ ಒಂದು ಆಫೀಸು ಅಂದುಕೊಳ್ಳಿ, ಹೆಸರು ಹೇಳಿದರೆ ನಾಳೆ ನನ್ನ ಮನೆಯ ಕರೆಂಟೇ ಹೋದೀತು. ಅಲ್ಲಿನ ಅಧಿಕಾರಿ ಗುರುಪಾದ ಸಾಹೇಬ ಆ ದಿನ ಕುರ್ಚಿ ಎಳೆದುಕೊಟ್ಟು ಕೂರಿಸಿದ, ಚಹಾ ತರಿಸಿದ. ಸಾಹೇಬ ಚಹಾ ತರಿಸಿದನೆಂದರೆ ಏನೋ ಕುತ್ತು ಕಾದಿದೆ ಅಂತಲೇ ಲೆಕ್ಕ.

“ಪರಪ್ಪಣ್ಣ, ಗುರುವಾರ ಗೋಕಾಕದಾಗ ಸುರಕ್ಷತಾ ಸಪ್ತಾಹದ ಕಾರ್ಯಕ್ರಮ ಐತಿ. ಮೂರೂ ತಾಲೂಕಿನ ಲೈನ್‌ಮನ್ ಮಂದಿ ಬರತಾರ, ಮ್ಯಾಲಿಂದ ದೊಡ್ಡ ಸಾಹೇಬ್ರೂ ಬರತಾರ. ಪ್ರೆಸೆಂಟೇಶನ್ ನೀವ ಮಾಡ್ರಿ. ಹಿರ್ಯಾರು ಹೇಳಿದ್ರ ಮಂದಿ ಕೇಳತಾರ.”

ಬಾಜೂಕ್ಕೆ ಲ್ಯಾಪ್‌ಟಾಪ್ ತೆರೆದುಕೊಂಡು ಶುಭಮ್ ಅಂತ ಒಬ್ಬ ತರಬೇತಿದಾರ ಕೂತಿದ್ದ. ಬೆಳಗಾವಿಯಿಂದ ಕರೆಸಿದ್ದರು. ಭಾಷಣ ಮಾಡುವುದನ್ನು ಕಲಿಸುವುದೇ ಅವನ ಉದ್ಯೋಗ. ಕೆಟ್ಟವನಲ್ಲ ಪಾಪ, ಹುರುಪಿನವನು.

“ಕಾಕಾ, ಮೊದಲನೇ ಅರ್ಧ ನಿಮಿಷ ಭಾಳ ಮಹತ್ವದ್ದ್ರಿ,” ಅಂದ ಅವನು. “ಅಷ್ಟರಾಗ ಮಂದೀನ ಹಿಡದ್ರ ಹಿಡದಂಗ, ಇಲ್ಲಾಂದ್ರ ಎಲ್ಲಾರೂ ಮೊಬೈಲ್ ತಗೀತಾರ. ‘ವೇದಿಕೆ ಮ್ಯಾಲಿನ ಗಣ್ಯರೇ’ ಅಂತ ಚಾಲೂ ಮಾಡಬ್ಯಾಡ್ರಿ. ಒಂದು ಪ್ರಶ್ನೆ ಕೇಳ್ರಿ, ಇಲ್ಲಾ ಒಂದು ಜೋಕ್ ಹೊಡೀರಿ, ಇಲ್ಲಾ ಮಂದಿ ಬೆಚ್ಚಿ ಬೀಳೂವಂಥಾದ್ದೇನರ ಮಾಡಿ ತೋರಸ್ರಿ. ನಾ ಒಂದು ಜೋಕ್ ಬರದೇನ್ರಿ. ಹೆಂಡತಿ ಮತ್ತ ಹನ್ನೊಂದು ಕೆವಿ ಲೈನ್, ಎರಡನ್ನೂ ಮುಟ್ಟೂ ಮುಂದ ಪರವಾನಗಿ ತಗೋಬೇಕು. ಹೆಂಗೈತ್ರಿ?”

ಪರಪ್ಪ ನಗಲಿಲ್ಲ. “ಮುಂದಿಂದು ತೋರಸು,” ಅಂದ.

ಒಂದು, ಎರಡು, ಮೂರು ಸ್ಲೈಡು ಸರಿದವು. ನಾಲ್ಕನೆಯದು ಬಂದಾಗ ಪರಪ್ಪನ ಕೈಯಲ್ಲಿದ್ದ ಚಹಾದ ಬಟ್ಟಲು ನಿಂತಲ್ಲೇ ನಿಂತಿತು. ಪರದೆಯ ಮೇಲೆ ಅವನ ಜೋಡಿ ಲೈನ್‌ಮನ್ ಲಗಮಪ್ಪನ ಫೋಟೋ. ಮುಖ ಮಸುಕು ಮಾಡಿದ್ದರು, ಆದರೆ ಮಡಚಿ ಪಿನ್ನು ಹಾಕಿದ ಬಲಗೈ ತೋಳಿನ ಅಂಗಿಯನ್ನು ಮಸುಕು ಮಾಡಿರಲಿಲ್ಲ. ಮೇಲೆ ಕೆಂಪಕ್ಷರದಲ್ಲಿ ‘ನಿರ್ಲಕ್ಷ್ಯದ ಫಲ’. ಕೆಳಗೆ ಮೂರು ಸಾಲು: ಕೈಗವಸು ಹಾಕಲಿಲ್ಲ. ಅರ್ಥಿಂಗ್ ರಾಡು ಬಳಸಲಿಲ್ಲ. ಎಲ್‌ಸಿ ತೆಗೆದುಕೊಳ್ಳಲಿಲ್ಲ.

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ‘ಈ ಲೈನಿನ ಮೇಲೆ ನಮ್ಮ ಮನುಷ್ಯ ಇದ್ದಾನೆ, ಅವನು ಇಳಿದು ಬಂದು ಹೇಳುವವರೆಗೆ ಕರೆಂಟು ಹಾಕಬೇಡಿ’ ಎಂದು ಸಬ್‌ಸ್ಟೇಶನ್ನಿನ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ತರುವ ಚೀಟಿ. ಲೈನ್‌ಮನ್ನನಿಗೆ ತಾಳಿ ಇದ್ದ ಹಾಗೆ ಅದು.

“ಇದನ್ನ ನಾ ಓದಬೇಕೇನ್ರಿ?” ಅಂದ ಪರಪ್ಪ.

“ನೀವ ಓದಬೇಕು,” ಅಂದ ಗುರುಪಾದ. ದನಿ ಬೆಣ್ಣೆಯಂತಿತ್ತು. “ಶನಿವಾರ ಆ ಅಪಘಾತದ ಚೌಕಶಿ ಫೈಲ್ ಬಂದ್ ಆಗತೈತಿ. ಜೋಡೀದಾರನ ಬಾಯಿಂದನ ಬಂತಂದ್ರ ದೊಡ್ಡ ಸಾಹೇಬ್ರು ಎರಡನೇ ಮಾತು ಆಡೂದಿಲ್ಲ. ಆ ಲಗಮಪ್ಪ ಕಂಪ್ಲೇಂಟ್ ಕೌಂಟರಿನಾಗ ಕುಂದರೂ ಕೆಲಸ ಕೊಡ್ರಿ ಅಂತ ಅರ್ಜಿ ಹಾಕ್ಯಾನ. ತನ್ನ ತಪ್ಪಿಲೆ ಕೈ ಕಳಕೊಂಡಾವಗ ಹೆಂಗ ಕೊಡಾಕ ಬರತೈತಿ ಹೇಳ್ರಿ? ನಿಮ್ಮ ಸಹಿ ಅಂತೂ ಐತೆ ಐತಿ.”

ಪರಪ್ಪ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೊರಗೆ ಬಂದ. ಚಹಾ ಸಾಹೇಬನ ಕಾಗದಗಳ ಮೇಲೆ ಚೆಲ್ಲಿತು. ಅಷ್ಟೇ. ಬಾಯಿ ಬಿಟ್ಟು ಒಂದು ಅಕ್ಷರ ಆಡಲಿಲ್ಲ. ಯಾಕೆಂದರೆ ಸಾಹೇಬ ಹೇಳಿದ್ದು ಖರೆ ಇತ್ತು. ಸಹಿ ಇತ್ತು.

ಆ ಸಹಿಯ ಕಥೆ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೂ ಉರಿ. ಹದಿನಾಲ್ಕು ತಿಂಗಳ ಹಿಂದೆ, ಕಬ್ಬಿನ ಹಂಗಾಮಿನ ಕೊನೆಗೆ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ತಗುಲಿ ದೊಡ್ಡ ಲೈನಿನ ತಂತಿ ಕಿತ್ತುಹೋಗಿತ್ತು. ಪರಪ್ಪ, ಲಗಮಪ್ಪ ಇಬ್ಬರೂ ಹೋದರು. ಲಗಮಪ್ಪ ಮೂವತ್ತೆಂಟರವನು, ಹುಕ್ಕೇರಿ ಕಡೆಯವನು, ಹನ್ನೊಂದು ವರ್ಷದಿಂದ ಪರಪ್ಪನ ಜೋಡಿ. ದೊಡ್ಡ ಲೈನಿಗೆ ಕಿಸೆಯಲ್ಲಿ ಇಟ್ಟುಕೊಳ್ಳುವ ಫ್ಯೂಜು ಇರುವುದಿಲ್ಲ. ಸಬ್‌ಸ್ಟೇಶನ್ನಿನಲ್ಲಿ ಬಂದ್ ಮಾಡಿಸಿ ಎಲ್‌ಸಿ ಬರೆಸಬೇಕು. ಸಬ್‌ಸ್ಟೇಶನ್ ಒಂಬತ್ತು ಕಿಲೋಮೀಟರ್.

“ಬರೆಸಿಕೊಂಡು ಬರತೇನಿ ಅಣ್ಣಾ,” ಅಂತ ಲಗಮಪ್ಪ ಬೈಕಿನ ಕೀಲಿ ತಿರುವಿದ.

“ಹುಚ್ಚ ಅದಿಯೇನ? ಒಂದು ಸಹಿ ಸಲುವಾಗಿ ಒಂಬತ್ತು ಮೈಲ ಹೋಗಿ ಬರ್ತಿ? ಫೋನ್ ಹಚ್ಚು, ಸಾಕು. ಸಂಜಿಮುಂದ ಬರಸಿದ್ರಾತು.” ಸಿಟ್ಟಿನಲ್ಲಿ ಕಿಲೋಮೀಟರೆಲ್ಲ ಮೈಲಾಗುತ್ತವೆ ಪರಪ್ಪನಿಗೆ.

ಹಾಗೆಂದವನು ಪರಪ್ಪ. ಮೂವತ್ತಾರು ವರ್ಷ ಕಿಸೆ ನಂಬಿದವನು ಆ ಒಂದು ದಿನ ಬಾಯಿ ನಂಬಿದ. ಮೂರೂ ತಾಲೂಕಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಮೊದಲು ಫೋನು, ಸಂಜೆಗೆ ಬರಹ. ಸಬ್‌ಸ್ಟೇಶನ್ನಿನ ಆಪರೇಟರ್ ಫೋನಿನಲ್ಲಿ ಲೈನ್ ತೆಗೆದೆ ಅಂದ. ತಪ್ಪಿ ಕರೆಂಟು ಬಂದರೂ ಅದನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡು ಸೆಕ್ಷನ್ನಿಗೆಲ್ಲ ಒಂದೇ, ಅದು ಆ ದಿನ ಬೇರೆ ಊರಿಗೆ ಹೋಗಿತ್ತು. ಕೈಗವಸಿನ ಹೆಬ್ಬೆರಳಿಗೆ ತೂತಿತ್ತು. ಲಗಮಪ್ಪ ಹತ್ತಿದ.

ಅದೇ ಹೊತ್ತಿಗೆ ಪಕ್ಕದೂರಿನ ಪುಢಾರಿಯೊಬ್ಬನ ಹೊಸ ಮನೆಯ ವಾಸ್ತುಶಾಂತಿ. ಕೂಲರು ನಿಂತವು, ಬೀಗರು ಬೆವೆತರು. ಪುಢಾರಿ ಗುರುಪಾದನಿಗೆ ಫೋನು ಮಾಡಿದ. ಗುರುಪಾದ ಸಬ್‌ಸ್ಟೇಶನ್ನಿಗೆ ಫೋನು ಮಾಡಿ, “ಕೆಲಸ ಮುಗದೈತಿ, ಹಾಕ್ರಿ,” ಅಂದ. ಮುಗಿದಿದೆಯೋ ಇಲ್ಲವೋ ಯಾರನ್ನೂ ಕೇಳಲಿಲ್ಲ ಆ ಪುಣ್ಯಾತ್ಮ. ಪರಪ್ಪ ಕೆಳಗೆ ನಿಂತು ತಂಬಾಕು ತಿಕ್ಕುತ್ತಿದ್ದ. ಮೇಲೆ ಪಟ್ ಅಂತು. ಮುಂದಿನದನ್ನು ನಾನು ಬರೆಯುವುದಿಲ್ಲ. ಜೀವ ಉಳಿಯಿತು, ಬಲಗೈ ಮೊಣಕೈ ಮೇಲಿನವರೆಗೆ ಹೋಯಿತು.

ಸಾಹೇಬ ಹಾಕಿಸಿದ ಸಂಗತಿಯನ್ನು ಆಪರೇಟರೇ ಆಸ್ಪತ್ರೆಯ ಜಗುಲಿಯಲ್ಲಿ ಅಳುತ್ತ ಪರಪ್ಪನಿಗೆ ಹೇಳಿದ್ದು. ಮರುದಿನದಿಂದ ಅವನ ಬಾಯಿಗೂ ಬೀಗ ಬಿತ್ತು. ಮೂರನೆಯ ದಿನ ಗುರುಪಾದ ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟ: ‘ಎಲ್‌ಸಿ ತೆಗೆದುಕೊಂಡದ್ದು ನನ್ನ ಗಮನಕ್ಕೆ ಬಂದಿಲ್ಲ.’

“ಫೋನ್ ಸಾಕು ಅಂದಾವ್ರು ನೀವಂತ ಬರದ್ರ ನಿಮ್ಮ ನೌಕರಿನೂ ಹೋಗತೈತಿ ಪರಪ್ಪಣ್ಣ. ವಿಚಾರ ಮಾಡ್ರಿ.”

ಪರಪ್ಪ ವಿಚಾರ ಮಾಡಿದ. ಸಹಿ ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಬರೆ ಹಾಕುವ ಕಬ್ಬಿಣವನ್ನು ಕಾಸಿಕೊಟ್ಟವನೇ ಪರಪ್ಪ. ಆಮೇಲೆ ಮೂರು ಸಲ ಲಗಮಪ್ಪನ ಮನೆಗೆ ಹೋದ. ವೈರಿ ಬಂದರೂ ಒಂದು ತಂಬಿಗೆ ನೀರು, ಒಂದು ಬೆಲ್ಲದ ಚೂರು ಕೊಟ್ಟು ಮಾತಾಡಿಸುವ ಸೀಮೆ ಇದು. ಲಗಮಪ್ಪನ ಹೆಂಡತಿ ಕೆಂಚವ್ವ ಮೂರು ಸಲವೂ ನೀರು ಕೊಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಅವನಿಗೆ ಅವಳ ಮೇಲೂ ಸಿಟ್ಟು ಬಂತು, ದಾರಿಯುದ್ದಕ್ಕೂ ಬೈದುಕೊಂಡು ಬಂದ. ಆದರೆ ನಾಲ್ಕನೆಯ ಸಲ ಹೋಗುವ ಧೈರ್ಯ ಆಗಲಿಲ್ಲ.

ಆ ಸೋಮವಾರ ಮನೆಗೆ ಬಂದವನೇ ಊಟದ ತಾಟು ಒದ್ದ. ರೊಟ್ಟಿ ಒಂದು ಕಡೆ, ಪಲ್ಯೆ ಒಂದು ಕಡೆ. ಪಾರವ್ವ ಬಾಗಿ ರೊಟ್ಟಿ ಎತ್ತಿಕೊಂಡಳು. ಇಂಥ ತಾಟುಗಳನ್ನು ಮೂವತ್ತು ವರ್ಷದಿಂದ ನೋಡಿದ್ದಾಳೆ.

“ಏನಾತು?”

ಹೇಳಿದ. ಸ್ಲೈಡು, ಜೋಕು, ಶನಿವಾರದ ಫೈಲು, ಎಲ್ಲ. ಹೇಳುತ್ತ ಹೇಳುತ್ತ ಗುರುಪಾದನ ಏಳು ತಲೆಮಾರನ್ನು ಗುಡಿಸಿ ಹಾಕಿದ.

ಪಾರವ್ವ ರೊಟ್ಟಿಗೆ ಹತ್ತಿದ ಮಣ್ಣು ಒರೆಸುತ್ತ ಅಂದಳು: “ಇದೆಲ್ಲಾ ನನ್ನ ಮುಂದ ಯಾಕ ಬೊಗಳತಿ? ನಾ ಏನ ಗುರುಪಾದ ಏನು? ಇಲ್ಲಿ ತಾಟ ಒದೀತಿ, ಅಲ್ಲಿ ಹೋಗಿ ‘ಹೂಂನ್ರಿ ಸಾಹೇಬ್ರ’ ಅಂತಿ. ನಿನ್ನ ಸಿಟ್ಟು ಬರೇ ಭಾಂಡೆಗಳ ಮ್ಯಾಲ. ಊರಿಗೆಲ್ಲಾ ಶಾರ್ಟ್ ಸರ್ಕೀಟಂತ, ಥೂ! ಆ ಕೆಂಚವ್ವ ನಿನಗ ನೀರ ಕೊಡಲಿಲ್ಲಂತ ಮೂರು ಸಲ ನನ್ನ ಮುಂದ ಅಂದೀದಿ. ನಾ ಅಕಿ ಜಾಗಾದಾಗ ಇದ್ದಿದ್ರ ಕಸಬರಗಿ ತಗೊಂಡು ಬರ್ತಿದ್ನಿ.”

ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಪರಪ್ಪ ತಾನು ಒದ್ದ ತಾಟನ್ನು ತಾನೇ ಎತ್ತಿಟ್ಟ. ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಕೈ ತಾನಾಗಿ ಕಿಸೆಗೆ ಹೋಯಿತು. ಮಧ್ಯಾಹ್ನದ ಕೆಲಸದ ಒಂದು ಫ್ಯೂಜು ಅಲ್ಲೇ ಉಳಿದಿತ್ತು. ಅದನ್ನು ತಿರುಗಿಸುತ್ತ ತಿರುಗಿಸುತ್ತ ಆ ಶುಭಮ್ ಹೇಳಿದ್ದು ನೆನಪಾಯಿತು: ಪ್ರಶ್ನೆ ಕೇಳ್ರಿ, ಜೋಕ್ ಹೊಡೀರಿ, ಇಲ್ಲಾ ಮಾಡಿ ತೋರಸ್ರಿ.

ಮರುದಿನ ಆಫೀಸಿಗೆ ಹೋಗಿ, “ಮಾಡತೇನ್ರಿ. ಜೋಕ್ ಮಾತ್ರ ಬ್ಯಾಡ್ರಿ,” ಅಂದ. ಗುರುಪಾದನ ಮುಖ ಅರಳಿತು. ಶುಭಮ್ ಮಾತ್ರ ಬಿಡಲಿಲ್ಲ.

“ಮತ್ತ ಹೆಂಗ ಚಾಲೂ ಮಾಡತೀರಿ ಕಾಕಾ?”

“ಅದು ನನಗ ಬಿಡು ತಮ್ಮಾ. ನೀ ಹೇಳಿದಂಗ ಮಾಡತೇನಿ.”

ಗುರುವಾರ ಗೋಕಾಕದ ಆ ಕಲ್ಯಾಣ ಮಂಟಪದಲ್ಲಿ ನೂರಿಪ್ಪತ್ತು ಜನ. ಮುಂದಿನ ಸಾಲಿನಲ್ಲಿ ಸೋಫಾ, ಸೋಫಾದಲ್ಲಿ ದೊಡ್ಡ ಸಾಹೇಬರು, ಪಕ್ಕದಲ್ಲಿ ಬಗ್ಗಿ ಬಗ್ಗಿ ಮಾತಾಡುತ್ತಿದ್ದ ಗುರುಪಾದ. ಹಿಂದೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ತಾಲೂಕಿನ ಲೈನ್‌ಮನ್ ಮಂದಿ. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿತ್ತು. ಸ್ವಾಗತ, ಪ್ರಾರ್ಥನೆ, ಹೂಗುಚ್ಛ, ಶಾಲು, ಮತ್ತೆ ಹೂಗುಚ್ಛ. ಸುರಕ್ಷತೆಯ ಸುದ್ದಿ ಬರುವ ಹೊತ್ತಿಗೆ ಒಂದೂವರೆ ತಾಸು. ಒಬ್ಬೊಬ್ಬ ಸಾಹೇಬನಿಗೆ ಹೊದಿಸಿದ ಶಾಲಿನ ಬದಲು ಒಂದೊಂದು ರಾಡು ಕೊಡಿಸಿದ್ದರೆ ಅಷ್ಟು ಸೆಕ್ಷನ್ನಿಗಾದರೂ ಆಗುತ್ತಿತ್ತು.

ಶುಭಮ್ ಮೈಕಿನಲ್ಲಿ ಮಾತಾಡುತ್ತಿದ್ದಾಗ ಪರಪ್ಪ ಎದ್ದು ಹಿಂದಿನ ಬಾಗಿಲಿಂದ ಹೊರಬಿದ್ದ. ಮಂಟಪದ ಹಿತ್ತಲಿನ ಕಂಬದ ಹತ್ತಿರ ಶಿವಾನಂದ ಇದ್ದ. ಅವನು ಪರಪ್ಪನ ಸೆಕ್ಷನ್ನಿನವನೇ, ಕೆಲಸಕ್ಕೆ ಸೇರಿ ನಾಲ್ಕು ವರ್ಷ, ಆ ದಿನ ಮಂಟಪದ ಕರೆಂಟು ನೋಡಿಕೊಳ್ಳಲು ಗುರುಪಾದನೇ ಕರೆತಂದಿದ್ದ.

“ಶಿವಾನಂದ, ನಾ ಲೈನ್ ತಗಿಯಾಕತ್ತೇನಿ. ಕಂಬದ ಮ್ಯಾಲೆ ಮನುಷ್ಯಾ ಅದಾನಂತ ತಿಳಕೋ. ನಾ ಬಂದು ಹೇಳೂತನಕ ಹಾಕಬ್ಯಾಡ. ತಿಳೀತಿಲ್ಲೋ?”

“ತಿಳೀತು ಕಾಕಾ.”

“ಏನು ತಿಳೀತು? ಹೇಳು.”

“ನೀವು ಹೇಳೂತನಕ ಹಾಕಬಾರದು.”

ಪರಪ್ಪ ಪೆಟ್ಟಿಗೆ ತೆರೆದು ಮೂರೂ ಫ್ಯೂಜು ಕಿತ್ತು ಕಿಸೆಗೆ ಹಾಕಿದ. ಮನೆಯಿಂದ ಬರೆದು ತಂದಿದ್ದ ಕೆಂಪು ಬೋರ್ಡನ್ನು ಪೆಟ್ಟಿಗೆಯ ಚಿಲಕಕ್ಕೇ ಕಟ್ಟಿದ. ಒಳಗೆ ಫ್ಯಾನು ನಿಂತವು, ಮೈಕು ಸತ್ತಿತು, ಪರದೆ ಆರಿತು. ಮಂಟಪದ ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ, ಅದನ್ನು ಪರಪ್ಪ ಬೆಳಿಗ್ಗೆಯೇ ನೋಡಿಕೊಂಡಿದ್ದ.

ಅರೆಗತ್ತಲೆಯಲ್ಲಿ ಒಳಬಂದು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ. “ಈಗ ಪರಪ್ಪ ಅವರು,” ಅಂತ ಶುಭಮ್ ಬರಿ ಬಾಯಲ್ಲೇ ಕೂಗಿ, ಪಿಸುಗುಟ್ಟಿದ: “ಕಾಕಾ, ಹಂಗ ಚಾಲೂ ಮಾಡ್ರಿ, ಮೈಕ್ ಇಲ್ಲಂದ್ರೂ ನಡೀತೈತಿ.”

“ಲೈಟ್ ಬರಲಿ,” ಅಂದ ಪರಪ್ಪ.

ಸೋಫಾದಲ್ಲಿ ದೊಡ್ಡ ಸಾಹೇಬರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಗುರುಪಾದನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಪರಪ್ಪ ಅವನ ಮುಖವನ್ನೇ ನೋಡುತ್ತ ನಿಂತ. ಒಳಗೆ ಸಿಟ್ಟು ಕುದಿಯುತ್ತಿತ್ತು, ಆದರೂ ಮನಸ್ಸು ಬೇಡಿಕೊಳ್ಳುತ್ತಿತ್ತು: ಕೇಳೋ ಮಾರಾಯ, ಒಂದು ಮಾತು ಕೇಳು. ‘ಮ್ಯಾಲೆ ಯಾರರ ಅದಾರೇನು’ ಅಂತ ಕೇಳು. ಕೇಳಿದಿಯೆಂದರೆ ನೀನು ಕಲಿತಿದ್ದೀ ಅಂತ ತಿಳಿದು, ನಿನ್ನ ಸ್ಲೈಡು ಓದಿ ಕೆಳಗಿಳಿಯುತ್ತೇನೆ. ಲಗಮಪ್ಪನ ಪಾಪ ನನ್ನೊಬ್ಬನ ತಲೆಗೇ ಇರಲಿ.

ಗುರುಪಾದ ಫೋನು ಕಿವಿಗೆ ಹಚ್ಚಿದ. ಮೈಕಿಲ್ಲದ ಮಂಟಪದಲ್ಲಿ ಅವನ ದನಿ ಹಿಂದಿನ ಗೋಡೆಯವರೆಗೆ ಕೇಳಿಸಿತು.

“ಏ ಶಿವಾನಂದ, ಎಲ್ಲಿ ಸತ್ತಿ? ದೊಡ್ಡ ಸಾಹೇಬ್ರು ಕುಂತಾರ ಇಲ್ಲಿ! ಲಗೂ ಹಾಕು ಲೈನ್... ಏನು?... ಏ, ಅವೆಲ್ಲಾ ನನಗ ಹೇಳಬ್ಯಾಡ. ಫ್ಯೂಜ್ ಇಲ್ಲಂದ್ರ ತಂತಿ ಕಟ್ಟು. ಮೊದಲ ಹಾಕು!”

ಎರಡು ನಿಮಿಷ ಹಿಡಿಯಲಿಲ್ಲ. ಫ್ಯಾನು ತಿರುಗಿದವು, ಪರದೆ ಬೆಳಗಿತು, ಮೈಕು ಕಿರ್ ಅಂದಿತು. ಕರೆಂಟು ಬಂದರೆ ನಮ್ಮ ಮಂದಿ ಚಪ್ಪಾಳೆ ಹೊಡೆಯುತ್ತಾರಲ್ಲ, ಹೊಡೆದರು. ಗುರುಪಾದ ದೊಡ್ಡ ಸಾಹೇಬರ ಕಡೆ ತಿರುಗಿ ಒಂದು ನಗೆ ನಕ್ಕ.

ಪರಪ್ಪ ಕಿಸೆಗೆ ಕೈಹಾಕಿದ. ಒಂದು ಫ್ಯೂಜು ತೆಗೆದು ಮೈಕಿನ ಪಕ್ಕದ ಮೇಜಿನ ಮೇಲಿಟ್ಟ. ಎರಡನೆಯದು. ಮೂರನೆಯದು. ಮೈಕಿನಲ್ಲಿ ಪಿಂಗಾಣಿಯ ಸದ್ದು ಟಕ್ ಟಕ್ ಅಂತ ಕೇಳಿತು.

“ನಮಸ್ಕಾರ್ರಿ. ನಾ ಪರಪ್ಪ, ಲೈನ್‌ಮನ್. ಈ ಮಂಟಪದ ಫ್ಯೂಜ್ ಇವು. ನನ್ನ ಕಿಸೆದಾಗ ಇದ್ದುವು. ಹಂಗಾದ್ರ ಈ ಲೈಟ್ ಹೆಂಗ ಹತ್ತಿದುವ್ರಿ?”

ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಿಗೆ ತಕ್ಷಣ ತಿಳಿಯಿತು. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ಇಳಿದವು. ಸೋಫಾಗಳಿಗೆ ಇನ್ನೂ ತಿಳಿದಿರಲಿಲ್ಲ.

“ಶಿವಾನಂದ, ಒಳಗ ಬಾ,” ಅಂತ ಪರಪ್ಪ ಮೈಕಿನಲ್ಲೇ ಕರೆದ. ಅವನು ಇಕ್ಕಳ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದ. “ಪೆಟಗಿಗೆ ಬೋರ್ಡ್ ಇತ್ತಿಲ್ಲೋ?”

“ಇತ್ರಿ.”

“ಏನು ಬರದಿತ್ತು?”

“ಕಂಬದ ಮ್ಯಾಲೆ ಮನುಷ್ಯಾ ಅದಾನ, ಲೈನ್ ಹಾಕಬ್ಯಾಡ್ರಿ ಅಂತ.”

“ಮತ್ತ ಯಾಕ ಹಾಕಿದಿ?”

ಶಿವಾನಂದ ಗುರುಪಾದನ ಕಡೆ ನೋಡಿದ. “ಸಾಹೇಬ್ರಿಗೆ ಹೇಳಾಕ ಹೋದ್ನ್ರಿ. ಹೇಳಬ್ಯಾಡ, ಹಾಕು ಅಂದ್ರು. ತಂತಿ ಕಟ್ಟಿ ಹಾಕಿದ್ನಿ.”

“ಮ್ಯಾಲೆ ನೋಡಿದಿ?”

ಶಿವಾನಂದ ತಲೆ ಕೆಳಗೆ ಹಾಕಿದ. ಗುರುಪಾದ ಎದ್ದು ನಿಂತ. “ಸರ್, ಇದು ನಾಟಕ್ರಿ ಸರ್! ನನ್ನ ಮ್ಯಾಲೆ ಬೇಕಂತನ...” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪರಪ್ಪ ಅವನ ಹೆಸರನ್ನು ಇನ್ನೂ ಎತ್ತಿರಲೇ ಇಲ್ಲ.

“ಕುಂದರ್ರಿ ನೀವು,” ಅಂದರು ದೊಡ್ಡ ಸಾಹೇಬರು. ಆಮೇಲೆ ಪರಪ್ಪನನ್ನು ಕೇಳಿದರು: “ಕಂಬದ ಮ್ಯಾಲೆ ಯಾರದಾರ?”

“ಇವತ್ತ ಯಾರೂ ಇಲ್ರಿ. ಹೋದ ವರ್ಷ ಲಗಮಪ್ಪ ಇದ್ದ.”

“ತಮ್ಮಾ ಶುಭಮ್, ನಾಲ್ಕನೇದ್ದು ತಗಿ,” ಅಂದ ಪರಪ್ಪ. ಶುಭಮ್ ತೆಗೆದ. ಲಗಮಪ್ಪನ ಖಾಲಿ ತೋಳು ಪರದೆ ತುಂಬಿತು. ಅದನ್ನು ಕಂಡದ್ದೇ ತಡ, ಹದಿನಾಲ್ಕು ತಿಂಗಳು ತಾಟು, ಬಟ್ಟಲು, ಬೈಕು, ಹೆಂಡತಿಯ ಮೇಲೆ ಹೋಗುತ್ತಿದ್ದ ಸಿಟ್ಟು ಅವತ್ತು ಹೋಗಬೇಕಾದ ಕಡೆ ಹೋಯಿತು.

“ಇದನ್ನ ಓದಂದಾರ, ಓದತೇನಿ. ಕೈಗವಸು ಹಾಕಲಿಲ್ಲ. ಹಾಕಿದ್ದ್ರಿ, ಹೆಬ್ಬಟ್ಟಿಗೆ ತೂತಿತ್ತು. ಹೊಸಾವು ಕೊಡ್ರಂತ ನಾ ಎರಡು ವರ್ಷ ಕೇಳೇನಿ. ರಾಡ್ ಬಳಸಲಿಲ್ಲ. ಹದಿನಾರು ಮಂದಿಗೆ ಒಂದು ರಾಡ್ ಐತ್ರಿ, ಅದನ್ನ ಸೀಳಿ ಹಂಚಿಕೊಳ್ಳೂನೇನು? ಎಲ್‌ಸಿ ತಗೊಳ್ಳಲಿಲ್ಲ. ಸುಳ್ಳು! ಫೋನಿನಾಗ ತಗೊಂಡಿದ್ದ. ಬರಸಾಕ ಹೊಂ‍ಟಾವನ್ನ ‘ಫೋನ್ ಸಾಕು’ ಅಂತ ಕೈ ಹಿಡದು ನಿಲ್ಲಿಸಿದಾವ ನಾನು. ಕೇಳಸ್ತಿಲ್ಲೋ ಎಲ್ಲಾರಿಗೂ? ನಾನು! ನೌಕರಿ ಹೋಗತೈತಂತ ಅಂಜಿ, ನನಗೇನೂ ಗೊತ್ತಿಲ್ಲಂತ ಸಹಿ ಹಾಕಿದಾವನೂ ನಾನ. ಇಲ್ಲಿ ಕುಂತಾವ್ರೊಳಗ ಫೋನಿನಾಗ ಲೈನ್ ತಗೊಳ್ಳದಾವ್ರು ಯಾರರ ಇದ್ರ ಕೈ ಎತ್ತ್ರಿ ನೋಡೂನು.”

ಒಂದು ಕೈಯೂ ಏಳಲಿಲ್ಲ.

“ಆ ಶಿವಾನಂದನ್ನ ಏನೂ ಅನಬ್ಯಾಡ್ರಿ. ಅವನ ಜಾಗಾದಾಗ ನಾ ಇದ್ರೂ ಹಾಕ್ತಿದ್ನಿ. ಹಾಕು ಅಂದಾವ್ರು ಮುಂದ ಕುಂತಾರ, ಹಾಕಿಸಿಕೊಂಡಾವ ಹುಕ್ಕೇರ್ಯಾಗ ಕುಂತಾನ. ನಿರ್ಲಕ್ಷ್ಯದ ಫಲ ಖರೆ ಐತಿ. ಫೋಟೋ ಮಾತ್ರ ತಪ್ಪೈತಿ. ಅವನ ಫೋಟೋ ತಗದು ನಮ್ಮಿಬ್ಬರದು ಹಾಕ್ರಿ.”

ಫ್ಯೂಜುಗಳನ್ನು ಮತ್ತೆ ಕಿಸೆಗೆ ಹಾಕಿಕೊಂಡು ಇಳಿದು, ಹಿಂದಿನ ಬಾಗಿಲಿಂದ ಹೋಗಿ, ತಂತಿ ಬಿಚ್ಚಿ ಮೂರನ್ನೂ ಸ್ವಸ್ಥಾನಕ್ಕೆ ಕೂರಿಸಿದ. ಅಷ್ಟು ಸಿಟ್ಟಿನಲ್ಲೂ ಅದನ್ನು ಮರೆಯಲಿಲ್ಲ.

ಇದಾದ ಮೇಲೆ ಪರಪ್ಪನಿಗೆ ಶಾಲು ಹೊದಿಸಿದರು ಅಂದುಕೊಂಡಿರೇನು? ಶುಕ್ರವಾರ ಮಧ್ಯಾಹ್ನವೇ ಸಸ್ಪೆಂಡ್ ಆದೇಶ ಮನೆಗೆ ಬಂತು. ಎಲ್‌ಸಿ ನಿಯಮ ಮುರಿದದ್ದು, ಸುಳ್ಳು ಹೇಳಿಕೆ ಕೊಟ್ಟದ್ದು, ಕಾರ್ಯಕ್ರಮಕ್ಕೆ ಅಡ್ಡಿ ಮಾಡಿದ್ದು. ಮೂರೂ ಖರೆ. ಗುರುಪಾದ ಸಾಹೇಬನಿಗೆ ರಜೆ ಮೇಲೆ ಹೋಗಲು ಹೇಳಿದರು. ಸಣ್ಣವನಿಗೆ ಸಸ್ಪೆಂಡು, ದೊಡ್ಡವನಿಗೆ ರಜೆ! ನೆನೆದರೆ ಮೈ ಉರಿಯುತ್ತದೆ. ಆದರೆ ಶನಿವಾರ ಬಂದ್ ಆಗಬೇಕಿದ್ದ ಫೈಲು ಬಂದ್ ಆಗಲಿಲ್ಲ. ಹೊಸ ಚೌಕಶಿ, ಹೊಸ ಹೇಳಿಕೆ ಅಂತ ಲಗಮಪ್ಪನಿಗೂ ಅದೇ ದಿನ ಜವಾನನ ಕೈಯಲ್ಲಿ ಕಾಗದ ಹೋಯಿತು. ಆದೇಶ ಓದಿ ಪಾರವ್ವ ಗಂಡನಿಗೆ ಬಿಸಿ ರೊಟ್ಟಿ ಬಡಿಸಿದಳು. ಅವನು ತಾಟು ಒದೆಯದೆ ತಿಂದ.

ಭಾನುವಾರ ಬಸ್ಸು ಹಿಡಿದು ಗೋಕಾಕ ದಾಟಿ ಹುಕ್ಕೇರಿಗೆ ಹೋದ. ಅಲ್ಲಿಂದ ಲಗಮಪ್ಪನ ಊರಿಗೆ ಎರಡು ಕಿಲೋಮೀಟರ್ ನಡಿಗೆ. ಮಂಟಪದಲ್ಲಿ ಯಾರೋ ಹಿಡಿದ ವಿಡಿಯೋ ಅವನಿಗಿಂತ ಮೊದಲೇ ಆ ಮನೆ ಮುಟ್ಟಿತ್ತು. ಲಗಮಪ್ಪ ಪಡಸಾಲೆಯಲ್ಲಿ ಹೇಳಿಕೆಯ ಕಾಗದ ಮುಂದಿಟ್ಟುಕೊಂಡು ಎಡಗೈಯಿಂದ ಸಹಿ ಮಾಡಲು ಒದ್ದಾಡುತ್ತಿದ್ದ. ಒತ್ತಿ ಹಿಡಿಯಲು ಇನ್ನೊಂದು ಕೈಯಿಲ್ಲದೆ ಕಾಗದ ಜಾರುತ್ತಿತ್ತು.

“ಹದಿನಾಲ್ಕು ತಿಂಗಳ ಹಿಡೀತು ಅಣ್ಣಾ ನಿನಗ,” ಅಂದ, ತಲೆ ಎತ್ತದೆ.

“ಹೌದು,” ಅಂದ ಪರಪ್ಪ.

“ಅವತ್ತ ನೀ ಫೋನ್ ಸಾಕು ಅಂದಿದ್ದಕ್ಕ ನನಗ ಸಿಟ್ಟಿಲ್ಲ. ನಾನೂ ಹೂಂ ಅಂದೇನಿ. ಆದರ ನೀ ಸಹಿ ಹಾಕಿದಿ ಅಂತ ಕೇಳಿದ ದಿನ, ಹೋದ ಕೈಗಿಂತ ಅದು ಜಾಸ್ತಿ ಸುಟ್ಟಿತು ನೋಡು.”

ಪರಪ್ಪ ಅವನ ಪಕ್ಕಕ್ಕೆ ಬಂದ. ಕುಕ್ಕರುಗಾಲಲ್ಲಿ ಕೂತು, ಕಾಗದದ ಎರಡೂ ತುದಿಯನ್ನು ಒತ್ತಿ ಹಿಡಿದ. ಲಗಮಪ್ಪ ಒಂದು ಗಳಿಗೆ ಆ ಕೈಗಳನ್ನು ನೋಡಿದ. ಆಮೇಲೆ ನಿಧಾನ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ. ಅಕ್ಷರ ಸೊಟ್ಟ ಬಂದವು, ಆದರೆ ಓದಲು ಬರುವಂತಿದ್ದವು.

ಕೆಂಚವ್ವ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಹೋದಳು. ಪರಪ್ಪ ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ತಂಬಿಗೆ ಮತ್ತು ಸಣ್ಣ ತಾಟಿನಲ್ಲಿ ಬೆಲ್ಲ ತಂದು ಅವನ ಮುಂದೆ ಕುಕ್ಕಿದಳು. ನೀರು ತುಳುಕಿ ಅವನ ಧೋತರಕ್ಕೆ ಬಿತ್ತು.

“ಕುಡೀರಿ,” ಅಂದಳು. “ನೀರು ಕೊಟ್ಟೇನಂತ ಮಾಫ್ ಮಾಡೇನಿ ಅಂತ ತಿಳೀಬ್ಯಾಡ್ರಿ. ಖರೆ ಹೇಳಿ ಬಂದೀರಂತ ಕೊಟ್ಟೇನಿ, ಅಷ್ಟ.”

ಪರಪ್ಪ ಎರಡೂ ಕೈಯಿಂದ ತಂಬಿಗೆ ಎತ್ತಿಕೊಂಡ. ನಡುವೆ ಕೆಳಗಿಡದೆ ಎಲ್ಲ ನೀರನ್ನೂ ಕುಡಿದ.